ತಲೆ ಸವರದ ಸೇರು

ಹತ್ತರಲ್ಲಿ ಎಷ್ಟು ನೋವು ಎಂದು ಕೇಳಬೇಕು ನಾನು,
ಫಾರಮ್ಮಿನಲ್ಲಿ ಹಾಗಿದೆ.
ಜೈತುನ್‌ಬಿ ನನ್ನ ಮುಖವನ್ನೇ ನೋಡಿದಳು:
"ಹತ್ತು ಅಂದ್ರೆ ಏನ್ ಮೇಡಮ್ಮಾ? ಪಾವಾ, ಸೇರಾ?
ತಲೆ ಸವರಿ ಅಳೀತೀರೋ
ಗೋಪುರ ಕಟ್ಟಿ ಅಳೀತೀರೋ?"
ಇಪ್ಪತ್ತಾರು ವರ್ಷ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ
ಬಲಗೈಯಲ್ಲಿ ಜರಡಿ ಆಡಿಸಿದವಳು.
ಏಳು ಎಂದು ಬರೆದುಕೊಂಡೆ.
ಏಳು ಅವಳು ಹೇಳಿದ್ದಲ್ಲ.

ಮೂಗುಬಟ್ಟು ಬಿಚ್ಚಿಸಿದೆ, ಸೆರಗಿನ ಪಿನ್ನು ಬಿಚ್ಚಿಸಿದೆ,
ಸೋಪು ಹಚ್ಚಿ ಉಂಗುರ ತೆಗೆಸಿದೆ.
ಬೆರಳಲ್ಲಿ ಬೆಳ್ಳಗೆ ಇನ್ನೊಂದು ಉಂಗುರ ಉಳಿಯಿತು,
ಅದನ್ನು ಯಾವ ಅಯಸ್ಕಾಂತವೂ ಎಳೆಯುವುದಿಲ್ಲ.
ಒಳಗೆ ಬಹಳ ಸದ್ದು, ಹೆದರಬೇಡಿ ಎಂದರೆ
"ರೈಸ್ ಮಿಲ್ಲಿಗಿಂತ್ಲಾ?" ಎಂದು ಕಣ್ಣು ಮುಚ್ಚಿದಳು.

ಮೊದಲೂ ಮೂರು ಸಲ ಸ್ಕ್ಯಾನು ಆಗಿತ್ತು,
ಕತ್ತು, ಭುಜ, ಮತ್ತೆ ಭುಜ.
ಮೂರರಲ್ಲೂ ಒಂದೇ ಮಾತು: ನಾರ್ಮಲ್.
ಆ ಮಾತು ಮನೆಗೆ ಹೋಗಿ ನಾಟಕ ಎಂದಾಯಿತು,
ಭಟ್ಟಿಗೆ ಹೋಗಿ ಮೈಗಳ್ಳತನ ಎಂದಾಯಿತು.

ಇದು ಬೇರೆ.
ಇಲ್ಲಿ ಮೂಳೆ ನೋಡುವುದಿಲ್ಲ,
ರಕ್ತ ಎತ್ತ ಓಡಿತು ಎಂದು ನೋಡುತ್ತೇವೆ.
ಇಡೀ ಮಿದುಳನ್ನು ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟು
ಸಾವಿರಾರು ಹೋಳು ಮಾಡಿ
ಯಾವ ಕಾಳಿಗೆ ಹರಿವು ಏರಿತು
ಎಂದು ಎಣಿಸುತ್ತ ಕೂರುವುದು.
ಅದೂ ನಾಲ್ಕೈದು ಸೆಕೆಂಡು ತಡವಾಗಿ ಬರುವ ಸುದ್ದಿ,
ಬೆಂಕಿ ಆರಿದ ಮೇಲೆ ಕಂಡ ಹೊಗೆ.

ಮುಂಗೈಗೆ ಕಟ್ಟಿದ ಬಿಲ್ಲೆ
ಬೀಪ್ ಎಂದು ಹೇಳಿ ಆಮೇಲೆ ಬಿಸಿಯಾಗುತ್ತದೆ,
ನಲವತ್ತಾರು ಡಿಗ್ರಿ.
ಕಾದ ಮರಳಿನೆದುರು ಅರ್ಧ ಆಯುಷ್ಯ ನಿಂತವಳು
ಮೈಕಿನಲ್ಲಿ ಕೇಳಿದಳು: "ಯಾವಾಗ ಶುರು ಮಾಡ್ತೀರ?"
ಎರಡು ಸಲ ಆಗಲೇ ಆಗಿಹೋಗಿತ್ತು.
ಡಾಕ್ಟರು ನಕ್ಕರು, ನಾನೂ.
ಭುಜದ ಕೆಳಗಿನ ದಿಂಬಿಗೆ ಗಾಳಿ ತುಂಬಿ
ಎರಡೇ ಬೆರಳು ಮೇಲೆತ್ತಿದಾಗ
ಗಾಜಿನಾಚೆ ಅವಳ ಕಾಲ್ಬೆರಳುಗಳು ಮಡಚಿಕೊಂಡವು.
ಆಮೇಲೆ ಯಾರೂ ನಗಲಿಲ್ಲ.

ತಿಂಗಳಾದ ಮೇಲೆ ಬಂತು ಚಿತ್ರ.
ಕೆಂಪು, ಹಳದಿ, ಸೀದ ಅಂಚಿನಂಥ ಕಿತ್ತಳೆ.
ಒಳಗೆ ಆ ಬಣ್ಣಗಳಿಲ್ಲ, ನಾವು ಹಚ್ಚಿದ್ದು.
ನೋವು ಎಂಬ ಬೋರ್ಡು ಹೊತ್ತ ಒಂದು ಮನೆಯೂ ಅಲ್ಲಿಲ್ಲ.
ಮುಟ್ಟನ್ನು ಅರಿಯುವ ಓಣಿಯಲ್ಲಿ ಒಂದಿಷ್ಟು,
ಅಂಜಿಕೆಯ ಓಣಿಯಲ್ಲಿ ಒಂದಿಷ್ಟು,
ಹಳೆಯ ನೋವು ವರ್ಷ ಕಳೆದಂತೆ
ನೆನಪಿನ ಪಕ್ಕಕ್ಕೆ ಮನೆ ಬದಲಿಸುತ್ತದೆಂದು
ಡಾಕ್ಟರು ಬೆರಳಿಟ್ಟು ತೋರಿಸಿದರು.
ದಿಂಬು ಏಳುವ ಮೊದಲೇ, ಬರೀ ಬೀಪ್ ಸದ್ದಿಗೇ,
ಒಂದು ಹಿಡಿ ಕಾಳು ಅರಳಿಬಿಟ್ಟಿದ್ದವು.

"ಈ ಫೋಟೋ ಕೊಡ್ರಿ, ಸಾಹುಕಾರ್ರಿಗೆ ತೋರಿಸ್ತೀನಿ,
ನನ್ನ ಗಂಡಗೂ."
ಕೊಡಬಹುದು, ಆದರೆ ಸುಳ್ಳು ಹೇಳಲಾರೆ.
ಒಬ್ಬಳ ನೋವಿಗೆ ಇದು ಸಾಕ್ಷಿ ನಿಲ್ಲುವುದಿಲ್ಲ ಜೈತುನ್‌ಬಿ.
ಮೂವತ್ತು ಜನರನ್ನು ಕೂಡಿಸಿ ಭಾಗಿಸಿದರೆ
ಏನೋ ಒಂದು ಗೊತ್ತಾಗುತ್ತದೆ.
ನೋಯುತ್ತಿದೆ ಎಂದು ನೀವು ಗುಂಡಿ ಒತ್ತಿದಿರಲ್ಲ,
ಆ ಗಳಿಗೆಗೇ ನಾವು ಅಲ್ಲಿ ಹುಡುಕಿದ್ದು.
ಮಷೀನಿಗೆ ನೋವೆಂದರೇನು ಎಂದು ಕಲಿಸಿದ್ದು
ನಿಮ್ಮಂಥವರ ಬಾಯಿ.

ಬಹಳ ಹೊತ್ತು ಸುಮ್ಮನಿದ್ದಳು.
"ಅಂದ್ರೆ, ನಾ ಹೇಳಿದ್ನ ನಂಬಿ ಈ ಮಷೀನು ಮಾಡೀರಿ.
ಈಗ ಮಷೀನು ಹೇಳಿದ್ರೆ ನನ್ನ ನಂಬ್ತೀರಿ."
ಎಡಗೈಯಿಂದ ಸೆರಗು ಎಳೆದುಕೊಂಡು
ಫಿಲ್ಮನ್ನು ಮೇಜಿನ ಮೇಲೇ ಬಿಟ್ಟು ಹೋದಳು.

ಸಂಜೆ ಬೀಗ ಹಾಕುವ ಮುಂಚೆ
ಅವಳ ಫಾರಮ್ಮು ತೆಗೆದು ಏಳನ್ನು ಅಳಿಸಿದೆ.
ಒಂದು ಸೇರು, ತಲೆ ಸವರದೆ,
ಎಂದು ಬೆರಳಚ್ಚು ಮಾಡಿದೆ.
ಕೆಂಪಗೆ ಮಿನುಗಿತು ಆ ಚೌಕ:
ದಯವಿಟ್ಟು ಅಂಕಿ ಮಾತ್ರ ನಮೂದಿಸಿ.